ಹನ್ನೊಂದು ಹೊಲ, ಒಂದು ಕುರಿಹಟ್ಟಿ

ತರಬೇತಿ ಎಂದರೆ ನನಗೆ ಮೊದಲು ನೆನಪಾಗುವುದು ಪ್ಲಾಸ್ಟಿಕ್ ಕುರ್ಚಿ. ಇಪ್ಪತ್ತು ವರ್ಷದ ಮೇಲಾಯಿತು ಗಡಿಯ ಈಚೆ, ತೆಲುಗು ರಾಜ್ಯದಲ್ಲಿ, ಪ್ರೈಮರಿ ಶಾಲೆಯ ನೌಕರಿ ಹಿಡಿದು. ಮೊದಲು ನಾರಾಯಣಖೇಡದ ಕಡೆ, ಆಮೇಲೆ ತವರೂರು ಜಹೀರಾಬಾದಿನಲ್ಲಿ, ಈಗ ತಾಂಡೂರಿನಲ್ಲಿ ಮನೆ ಮಾಡಿಕೊಂಡು ಯಾಲಾಲ್ ದಾಟಿ ಒಳಗಿರುವ ಒಂದು ಹಳ್ಳಿಗೆ ಸ್ಕೂಟಿಯ ಮೇಲೆ ಹೋಗಿಬರುತ್ತೇನೆ. ಎಲ್ಲಿ ಹೋದರೂ ತರಬೇತಿಯಲ್ಲಿ ಅದೇ ಕುರ್ಚಿ, ಅದೇ ಆರಿದ ಉಪ್ಪಿಟ್ಟು, ಮಕ್ಕಳ ಸುದ್ದಿಯನ್ನು ಮಕ್ಕಳಿಲ್ಲದ ಕೋಣೆಯಲ್ಲಿ ಮಾತಾಡುವ ಅದೇ ಜನ. ಕೆಲವು ವರ್ಷದ ಹಿಂದೆ, ತೊಗರಿ ಕೊಯ್ಲಿಗೆ ಬರುವ ಹೊತ್ತಿಗೆ, ಅಂಥದೊಂದು ತರಬೇತಿಯಲ್ಲಿ ನಮಗೆಲ್ಲ ಒಂದೊಂದು ಹಾಳೆ ಹಂಚಿದರು. ಮೇಲೆ ಒಂದೇ ಪ್ರಶ್ನೆ: ಮಕ್ಕಳು ತಮ್ಮ ಶಿಕ್ಷಕರಿಂದ ಏನು ಬಯಸುತ್ತಾರೆ? ಮಕ್ಕಳನ್ನೇ ಕೇಳಿ ಬರೆಸಿಕೊಂಡು ಬನ್ನಿ, ಮುಂದಿನ ಸಲ ಚರ್ಚೆ ಮಾಡೋಣ ಎಂದರು.

"ಇದನ್ನೇನು ಕೇಳೋದೈತ್ರಿ, ರಜಾ ಬೇಕಂತಾವ" ಎಂದರು ಪಕ್ಕದ ಕುರ್ಚಿಯ ಮಾಸ್ತರರು. ನಾನೂ ನಕ್ಕೆ. ಮಕ್ಕಳ ಮನಸ್ಸು ನನಗೆ ಅಂಗೈ ಗೆರೆಯಷ್ಟು ಗೊತ್ತಿದೆ ಎಂಬ ಜಂಭ ಆಗ ಬೇಕಾದಷ್ಟಿತ್ತು.

ನನ್ನದು ನಾಲ್ಕನೆಯ ತರಗತಿ, ಹದಿನಾರು ಮಕ್ಕಳು. ಪುಸ್ತಕ ಇಂಗ್ಲಿಷಿನದು, ಪಾಠ ತೆಲುಗಿನದು, ಜಗಳ ಕನ್ನಡದ್ದು. ಜಗಳ ಜೋರಾದರೆ ದಖ್ಖನಿ ಉರ್ದುವಿಗೆ ಏರುತ್ತದೆ. ನಾನು ಮಕ್ಕಳಿಗೆ ಹೊಡೆಯುವವಳಲ್ಲ, ಆದರೆ ಬಾಯಿ ಜೋರು, ಅದನ್ನು ಒಪ್ಪಿಕೊಳ್ಳುತ್ತೇನೆ. ನನ್ನ ತರಗತಿಯಲ್ಲಿ ಒಂದೇ ಕಾನೂನು. ತಪ್ಪು ಮಾಡಿದವರು ಎಲ್ಲರೆದುರು ಏನು ಮಾಡಿದೆ ಎಂದು ಹೇಳಿ, ಬೋರ್ಡಿನ ಮುಂದೆ ನಿಲ್ಲಬೇಕು. ಕೂಡು, ಅಂದರೆ ಕುಳಿತುಕೋ, ಎನ್ನುವ ಅಧಿಕಾರ ನನಗಿಲ್ಲ. ಯಾರಿಗೆ ತಪ್ಪು ಮಾಡಿದ್ದಾರೋ ಅವರೇ "ಕೂಡು" ಎನ್ನಬೇಕು. ಒಮ್ಮೆ ಒಬ್ಬ ಹುಡುಗ ಪಕ್ಕದವಳ ಚೀಲದಿಂದ ಪೇರಲಹಣ್ಣು ಕದ್ದು ತಿಂದಿದ್ದ. ಆಕೆ ಎರಡು ಪಿರಿಯಡ್ ಅವನನ್ನು ನಿಲ್ಲಿಸಿ, ಮೂರನೆಯದರಲ್ಲಿ ಹೋಗಲಿ ಪಾಪ ಎಂದು ಕೂರಿಸಿದಳು. ಆಮೇಲೆ ಇಬ್ಬರೂ ಕೂಡಿಯೇ ಮನೆಗೆ ಹೋದರು. ಬೆತ್ತಕ್ಕಿಂತ ಈ ಕಾನೂನು ಚಲೋ ಎಂದು ನನ್ನ ಬೆನ್ನನ್ನು ನಾನೇ ಚಪ್ಪರಿಸಿಕೊಂಡಿದ್ದೆ.

ಹಾಳೆಯ ಪ್ರಶ್ನೆಯನ್ನು ಬೋರ್ಡಿನ ಮೇಲೆ ಬರೆದು ಚೀಟಿ ಹಂಚಿದೆ. ಹತ್ತು ನಿಮಿಷಕ್ಕೆ ಚೀಟಿಗಳು ತಿರುಗಿ ಬಂದವು. ಟೀಚರ್ ಚೆನ್ನಾಗಿ ಪಾಠ ಹೇಳಬೇಕು. ಟೀಚರ್ ಚೆನ್ನಾಗಿ ಪಾಠ ಹೇಳಬೇಕು. ಟೀಚರ್ ಚೆನ್ನಾಗಿ ಪಾಠ ಹೇಳಬೇಕು. ಮೊದಲ ಬೆಂಚಿನ ಜಾಣೆ ಬರೆದದ್ದು ಹಿಂದಿನ ಬೆಂಚಿನವರೆಗೆ ಹರಿದುಹೋಗಿತ್ತು. ಹದಿನೈದು ಚೀಟಿ ಹೀಗೆ, ಒಂದು ಚೀಟಿ ಖಾಲಿ. ನನಗೆ ಸಿಟ್ಟು ನೆತ್ತಿಗೇರಿತು.

"ಎಲ್ಲರದೂ ಒಂದ ತಲಿ ಏನ್ರೋ? ಚೀಟಿ ಒಗೀರಿ ಅತ್ಲಾಗ. ಬಾಯಿಲೆ ಹೇಳ್ರಿ. ಖರೇ ಹೇಳ್ರಿ. ಏನ ಹೇಳಿದ್ರೂ ನಾ ಬೈಯಂಗಿಲ್ಲ."

ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಒಬ್ಬ, "ಬೈಯಂಗಿಲ್ಲ ಅಂದೀರಿ, ನೋಡ್ರಿ ಮತ್ತ" ಎಂದು ಖಾತ್ರಿ ಮಾಡಿಕೊಂಡು ಶುರು ಮಾಡಿದ. "ನೀವು ಕೆಂಪು ಪೆನ್ನಿಲೆ ತಪ್ಪು ಹಾಕೂವಾಗ ಇಷ್ಟ ಸಣ್ಣದು ಹಾಕ್ರಿ. ನೀವು ಹಾಕೂದು ಕಟ್ಟೀ ಮ್ಯಾಲ ಕುಂತ ನಮ್ಮಪ್ಪಗ ಕಾಣ್ತದ." ಇನ್ನೊಬ್ಬಳು, "ನಿಮ್ಮ ಸ್ಕೂಟಿ ಮ್ಯಾಲ ಒಂದ್ ಸಲ ಕುಂದರಸ್ರಿ." ಮತ್ತೊಬ್ಬ, "ಫೋನಿನಾಗ ಮಾತಾಡಿ ಸಿಟ್ಟಿಗಿ ಬಂದು ಆ ಸಿಟ್ಟು ನಮ್ಮ ಮ್ಯಾಲ ತೆಗೀಬ್ಯಾಡ್ರಿ." ಇದಕ್ಕೆ ಇಡೀ ತರಗತಿ ಹೌದು ಹೌದು ಎಂದಿತು. ಹಿಂದಿನ ಬೆಂಚಿನಿಂದ ಒಂದು ದನಿ, "ನಮ್ಮವ್ವ ಎದುರಿಗಿ ಸಿಕ್ರ ನಾ ಶ್ಯಾಣ್ಯಾ ಇದೀನಿ ಅಂತ ಒಂದ ಮಾತು ಅನ್ರಿ, ಸುಳ್ಳಾದ್ರೂ ನಡೀತದ." ನನಗೆ ನಗು ತಡೆಯಲಾಗಲಿಲ್ಲ.

ಆಗ ಮೊದಲ ಬೆಂಚಿನ ಜಾಣೆ ಎದ್ದಳು. "ಟೀಚರ್, ಎಳ್ಳಮಾಸಿಗಿ ನಮ್ಮ ಹೊಲಕ್ಕ ಉಣ್ಣಾಕ ಬರ್ರಿ."

ಅಷ್ಟೇ ಸಾಕಾಯಿತು. ನಮ್ಮ ಹೊಲಕ್ಕ, ನಮ್ಮ ಹೊಲಕ್ಕ ಎಂದು ತರಗತಿ ಸಂತೆಯಾಯಿತು.

ಎಳ್ಳು ಅಮಾವಾಸ್ಯೆಯ ದಿನ ನಮ್ಮ ಕಡೆ ಊರಿನಲ್ಲಿ ನಾಯಿಯೂ ಉಳಿಯುವುದಿಲ್ಲ. ಸಜ್ಜೆ ರೊಟ್ಟಿ, ಕಡಬು, ಶೇಂಗಾ ಹೋಳಿಗೆ, ಹಸಿ ಕಾಳು ಸೊಪ್ಪೆಲ್ಲ ಹಾಕಿ ಕುದಿಸಿದ ಭಜ್ಜಿ, ಗಡಿಗೆ ತುಂಬ ಅಂಬಲಿ ಹೊತ್ತುಕೊಂಡು ಎಲ್ಲರೂ ಹೊಲಕ್ಕೆ ಹೋಗುತ್ತಾರೆ. ಬೆಳೆಯ ಮೇಲೆ ಭೂತಾಯಿಯ ಪಾಲಿನ ಚರಗ ಚೆಲ್ಲಿ, ಆಮೇಲೆ ದಾರಿಯಲ್ಲಿ ಹೋಗುವವರನ್ನೂ ಕೈಹಿಡಿದು ಎಳೆದು ಉಣ್ಣಿಸುತ್ತಾರೆ. ಆ ದಿನ ಟೀಚರ್ ಯಾರ ಹೊಲದಲ್ಲಿ ಉಂಡರು ಎನ್ನುವುದು ಮಕ್ಕಳಿಗೆ ಸಣ್ಣ ಮಾತಲ್ಲ. ಜಹೀರಾಬಾದಿನಲ್ಲಿ ನಾನು ಮೂರನೆಯ ತರಗತಿಯಲ್ಲಿದ್ದಾಗ ನಮ್ಮ ಮಾಸ್ತರರು ಒಬ್ಬಳ ಹೊಲಕ್ಕೆ ಹೋಗಿ ಎರಡು ತುತ್ತು ಉಂಡು ಬಂದಿದ್ದರು. ಅವಳು ಮುಂದಿನ ಎಳ್ಳು ಅಮಾವಾಸ್ಯೆಯವರೆಗೂ ನಮ್ಮೆಲ್ಲರ ಮೇಲೆ ರಾಜ್ಯವಾಳಿದಳು. ನನಗೆ ಅವಳ ಮೇಲಿನ ಹೊಟ್ಟೆಕಿಚ್ಚು ಇನ್ನೂ ಪೂರ್ತಿ ಆರಿಲ್ಲ.

ಅದಕ್ಕೆ ನಾನು ಯಾರಿಗೂ ಇಲ್ಲ ಎನ್ನಲಿಲ್ಲ. "ಆತು ಬರ್ತೀನಿ, ಆತು ಬರ್ತೀನಿ" ಎಂದು ಎಲ್ಲರಿಗೂ ಹಂಚಿದೆ. ಅಣ್ಣ ತಮ್ಮಂದಿರ ಮಕ್ಕಳನ್ನು ಒಟ್ಟುಗೂಡಿಸಿದರೂ ಹನ್ನೊಂದು ಹೊಲಗಳಾದವು. ನಮ್ಮಲ್ಲಿ ಊಟಕ್ಕೆ ಕರೆದವರಿಗೆ ಬರುವುದಿಲ್ಲ ಎಂದು ಮುಖಕ್ಕೆ ಹೇಳುವ ರೂಢಿ ಇಲ್ಲ, ಅದು ಅಪಶಕುನ. ಬರ್ತೀನಿ ಎನ್ನಬೇಕು. ಹೋಗಲಾಗದಿದ್ದರೆ ಆಮೇಲೆ ಪುರಸತ್ತಾಗಲಿಲ್ಲ ಎನ್ನಬೇಕು. ಕರೆದವರಿಗೂ ಅದು ಗೊತ್ತಿರುತ್ತದೆ, ಯಾರೂ ಯಾರ ಮೇಲೂ ಸಿಟ್ಟಾಗುವುದಿಲ್ಲ. ದೊಡ್ಡವರ ನಡುವೆ ಇದು ಚೆನ್ನಾಗಿಯೇ ನಡೆದುಕೊಂಡು ಬಂದಿದೆ.

ಶಾಲೆ ಬಿಟ್ಟ ಮೇಲೆ ನಾನು ಸ್ಕೂಟಿ ತೆಗೆಯುತ್ತಿದ್ದಾಗ ಖಾಲಿ ಚೀಟಿ ಕೊಟ್ಟವಳು ಬಂದು ನಿಂತಳು. ಕುರಿ ಸಾಕುವವರ ಮಗಳು. ಅಪ್ಪ ಅವ್ವ ಕುರಿಯೊಂದಿಗೆ ಊರೂರು ತಿರುಗಿದರೆ ಇವಳು ಅಜ್ಜಿಯ ಹತ್ತಿರ ಊರಲ್ಲಿದ್ದು ಶಾಲೆಗೆ ಬರುತ್ತಿದ್ದಳು. ಮಾತು ಕಡಿಮೆ. ಕೇಳಿದ್ದಕ್ಕಷ್ಟೇ ಉತ್ತರ ಕೊಡುವ ಹುಡುಗಿ.

"ಟೀಚರ್, ನಮ್ಮದು ಹೊಲ ಇಲ್ರಿ" ಎಂದಳು.

"ಹೂಂ, ಇಲ್ಲದಿದ್ರ ಏನಾತವ್ವ."

"ನಮ್ಮ ಕುರಿ ಈಗ ಕೆರಿ ಆಚೀಗಿ ತೊಗರಿ ಕೊಯ್ದ ಹೊಲದಾಗ ಅವ. ಅಲ್ಲೇ ಎಳ್ಳಮಾಸಿ ಮಾಡ್ತೀವಿ. ಹಟ್ಟಿಗಿ ಬರ್ತೀರಿ ಏನ್ರಿ?"

ನಾನು ಹೆಲ್ಮೆಟ್ಟಿನ ಪಟ್ಟಿ ಸಿಕ್ಕಿಸುತ್ತಿದ್ದೆ. "ಆತವ್ವ, ಬರ್ತೀನಿ" ಎಂದೆ. ಅವಳ ಮುಖ ಸರಿಯಾಗಿ ನೋಡಿದ್ದೂ ಇಲ್ಲ.

ಎಳ್ಳು ಅಮಾವಾಸ್ಯೆ ಬಂತು. ಹೆಡ್‌ಮಾಸ್ತರರು ಸ್ಥಳೀಯ ರಜೆ ಕೊಟ್ಟರು. ಕೊಡದಿದ್ದರೂ ಬೆಂಚುಗಳಿಗೆ ಪಾಠ ಮಾಡಬೇಕಾಗುತ್ತಿತ್ತು. ನಾನು ಹಿಂದಿನ ದಿನವೇ ಒಂದು ಕಾಗದದ ಮೇಲೆ ಹನ್ನೊಂದು ಹೊಲಗಳ ನಕಾಶೆ ಬರೆದು, ಎಲ್ಲಿ ಎಷ್ಟು ಹೊತ್ತು ಎಂದು ಗುರುತು ಹಾಕಿಕೊಂಡಿದ್ದೆ. ನಮ್ಮ ಮನೆಯವರು ಅದನ್ನು ನೋಡಿ, "ಇದು ಹಬ್ಬ ಏನ, ಜನಗಣತಿ ಏನ?" ಎಂದರು. ಆದರೂ ಸ್ಕೂಟಿ ಓಡಿಸಲು ಅವರೇ ಬಂದರು. ಭಜ್ಜಿಯ ಆಸೆ ಅವರಿಗೆ ನನಗಿಂತ ಹೆಚ್ಚು.

ನನ್ನ ಲೆಕ್ಕಾಚಾರ ಸರಳವಾಗಿತ್ತು. ಒಂದೊಂದು ಹೊಲದಲ್ಲಿ ಎರಡೆರಡು ತುತ್ತು, ಒಂದು ಗುಟುಕು ಅಂಬಲಿ, ನಮಸ್ಕಾರ, ಮುಂದಿನ ಹೊಲ. ಆದರೆ ಆ ಊರಿನ ಮಕ್ಕಳ ಸುದ್ದಿಜಾಲ ನನ್ನ ಲೆಕ್ಕದಲ್ಲಿ ಇರಲಿಲ್ಲ. ಮೊದಲ ಹೊಲದಲ್ಲಿ ಜಾಣೆಯ ಅವ್ವ ಒತ್ತಾಯ ಮಾಡಿದ್ದಕ್ಕೆ ಎರಡು ಕಡಬು ತಿಂದೆ. ನಾವು ಎರಡನೆಯ ಹೊಲದ ಬದುವಿಗೆ ಕಾಲಿಡುವ ಮೊದಲೇ ಒಬ್ಬ ಹುಡುಗ ಅಡ್ಡದಾರಿಯಲ್ಲಿ ಓಡಿ ಸುದ್ದಿ ಮುಟ್ಟಿಸಿದ್ದ.

"ಅವ್ರ ಹೊಲದಾಗ ಎರಡು ಕಡಬು ತಿಂದೀರಂತ. ನಮ್ಮಲ್ಲಿ ಒಂದ ತಿಂದ್ರ ಹ್ಯಾಂಗ್ರಿ ಟೀಚರ್?" ಎಂದಳು ಅಲ್ಲಿಯ ಅಜ್ಜಿ.

ಎರಡು ತಿಂದೆ. ಮೂರನೆಯ ಹೊಲಕ್ಕೆ ಎರಡು ಕಡಬು ಮತ್ತು ಒಂದು ಹೋಳಿಗೆ ಎಂಬ ಸುದ್ದಿ ಹೋಯಿತು. ನಾಲ್ಕನೆಯದು ಒಬ್ಬ ಮುಸ್ಲಿಂ ಹುಡುಗನ ಹೊಲ. ಅವನ ದಾದಿ, ಅಂದರೆ ಅಜ್ಜಿ, "ಖಾವ್ ಅಮ್ಮಾ, ಥೋಡಾ ಔರ್" ಎನ್ನುತ್ತ ನನ್ನ ತಟ್ಟೆಗೆ ಭಜ್ಜಿ ಸುರಿದಳು. ಹೊಟ್ಟೆ ಹಿಡಿದುಕೊಂಡು ಹೇಳುತ್ತೇನೆ, ಆ ದಿನದ ಹನ್ನೊಂದು ಭಜ್ಜಿಗಳಲ್ಲಿ ಅದೇ ಒಳ್ಳೆಯದು. ಐದನೆಯ ಹೊಲದಲ್ಲಿ ನಮ್ಮ ಮನೆಯವರು ಬೇವಿನ ಗಿಡದ ಕೆಳಗೆ ಅಡ್ಡಾಗಿ, "ನನ್ನ ಇಲ್ಲೇ ಬಿಡು, ತಿರುಗಿ ಬರೂವಾಗ ಕರಕೊಂಡ ಹೋಗು" ಎಂದು ಕಣ್ಣು ಮುಚ್ಚಿದರು. ಎಬ್ಬಿಸಿ ಹೊರಡಿಸಬೇಕಾದರೆ ಸಾಕುಸಾಕಾಯಿತು.

ಮಕ್ಕಳ ಗುಂಪು ಹೊಲದಿಂದ ಹೊಲಕ್ಕೆ ಬೆಳೆಯುತ್ತ ಹೋಯಿತು. ಸ್ಕೂಟಿಯ ಮುಂದೆ ನಾಲ್ವರು, ಹಿಂದೆ ಎಂಟು ಮಂದಿ. ತಮ್ಮ ಹೊಲ ಬಂದ ಕೂಡಲೇ ಆ ಮನೆಯ ಮಗು ಮುಂದೆ ಬಂದು, ಶಾಲೆಯಲ್ಲಿ ಎಂದೂ ನಿಲ್ಲದಷ್ಟು ನೆಟ್ಟಗೆ ನಿಂತು, "ಇವ್ರು ನಮ್ಮ ಟೀಚರ್" ಎಂದು ಮನೆಯವರಿಗೆ ಹೇಳುತ್ತಿತ್ತು. ನನ್ನನ್ನು ವರ್ಷಗಟ್ಟಲೆ ಕಂಡವರಿಗೂ ಹಾಗೇ ಹೇಳುತ್ತಿತ್ತು. ನಾನು ಹಿಂದಿನ ಬೆಂಚಿನವನ ಅವ್ವನಿಗೆ, "ನಿಮ್ಮ ಮಗ ಭಾಳ ಶ್ಯಾಣ್ಯಾ ಇದಾನ್ರಿ" ಎಂದೆ. ಅವನು ನಾಚಿ ತೊಗರಿ ಗಿಡಗಳೊಳಗೆ ಓಡಿಹೋದ. ನನಗೆ ಎಷ್ಟು ಖುಷಿಯಾಯಿತೆಂದರೆ, ಹೊಟ್ಟೆ ಬಿರಿಯುತ್ತಿದ್ದರೂ ಇನ್ನೊಂದು ರೊಟ್ಟಿ ಹಾಕಿಸಿಕೊಂಡೆ.

ಹನ್ನೊಂದನೆಯ ಹೊಲ ಮುಗಿದಾಗ ಹೊತ್ತು ಇಳಿದಿತ್ತು. ಮಕ್ಕಳೆಲ್ಲ ತಮ್ಮ ತಮ್ಮವರ ಹತ್ತಿರ ಚದುರಿದ್ದರು. ಹೊಟ್ಟೆ ತುಂಬಿದ ಮೇಲೆ ಹುಗ್ಗಿ ಮುಳ್ಳು ಅನ್ನುತ್ತಾರಲ್ಲ, ನನಗೆ ಊಟದ ಹೆಸರು ಕೇಳಿದರೇ ತೇಗು ಬರುತ್ತಿತ್ತು. ಕೆರೆಯ ಹತ್ತಿರ ದಾರಿ ಎರಡಾಗುತ್ತದೆ. ಒಂದು ತಾಂಡೂರಿಗೆ, ಇನ್ನೊಂದು ಕೆರೆಯ ಆಚೆಗೆ. ಅಲ್ಲಿಗೆ ಬಂದಾಗ ಕುರಿಯವರ ಮಗಳ ನೆನಪಾಯಿತು. ಮರೆತಿದ್ದೆ ಎಂದರೆ ನನ್ನ ಮರ್ಯಾದೆ ಸ್ವಲ್ಪ ಉಳಿಯುತ್ತಿತ್ತು. ಆದರೆ ನಾನು ಮರೆತಿರಲಿಲ್ಲ.

"ಆ ಕುರಿ ಹಟ್ಟಿ ಒಂದು ಉಳದದ" ಎಂದೆ.

ನಮ್ಮ ಮನೆಯವರು ಸ್ಕೂಟಿ ನಿಲ್ಲಿಸಿದರು. "ಹೋಗಮ್ ಏನ?"

ಹೋಗೋಣ ಎಂದಿದ್ದರೆ ಹತ್ತು ನಿಮಿಷದ ದಾರಿ. ನಾನು ಕೆರೆಯ ಆಚೆ ನೋಡಿದೆ. ಬಿಸಿಲು, ದೂಳು, ಮತ್ತೆ ಒಂದು ಗಡಿಗೆ ಅಂಬಲಿ. "ಬ್ಯಾಡ ಬಿಡ್ರಿ. ಹುಡುಗಿ ಮಾತಿಗಿ ಕರದದ. ನಾಳಿ ಸಾಲ್ಯಾಗ ಪುರಸತ್ತ ಆಗಲಿಲ್ಲ ಅಂದ್ರಾತು" ಎಂದೆ. ಮನೆಗೆ ಬಂದು ಜೀರಿಗೆ ಕಷಾಯ ಕುಡಿದು ಮಲಗಿಬಿಟ್ಟೆ.

ಮರುದಿನ ತರಗತಿ ಜಾತ್ರೆಯಾಗಿತ್ತು. ನಮ್ಮ ಹೊಲದಾಗ ಟೀಚರ್ ಮೂರು ರೊಟ್ಟಿ ತಿಂದ್ರು, ನಮ್ಮಲ್ಲಿ ಎರಡು ಸಲ ಭಜ್ಜಿ ಹಾಕಿಸಿಕೊಂಡ್ರು, ನಮ್ಮಪ್ಪನ ಕೂಡ ಟೀಚರ್ ಅವರ ಮನಿಯವರು ಕಾಲ ಚಾಚಿ ಮಲಗಿದ್ರು. ನಾನು ಹಾಜರಿ ಕರೆದೆ. ಕುರಿಯವರ ಮಗಳ ಹೆಸರಿಗೆ ಉತ್ತರ ಬರಲಿಲ್ಲ.

"ಅಕಿ ಬರಂಗಿಲ್ರಿ" ಎಂದಳು ಮೊದಲ ಬೆಂಚಿನ ಜಾಣೆ. "ಅಕಿ ಸುಳ್ಳಿ ಇದಾಳ್ರಿ ಟೀಚರ್."

"ಯಾಕ? ಏನ ಸುಳ್ಳು ಹೇಳ್ಯಾಳ?"

"ನೀವು ಅವ್ರ ಹಟ್ಟಿಗಿ ಬರ್ತೀರಿ ಅಂತ ಎಲ್ಲಾರ ಮುಂದ ಹೇಳ್ಯಾಳ್ರಿ. ಹೊಲ ಇಲ್ಲದೋರ ಕಡೆ ಟೀಚರ್ ಯಾಕ ಹೋಗ್ತಾರ ಅಂತ ನಾವಂದೀವಿ. ನೀವ ಖುದ್ದಾಗಿ ಬರ್ತೀನಿ ಅಂದೀರಂತ! ನಿನ್ನಿ ಸಂಜೀಕ ನಾವು ಹೋಗಿ ನೋಡೀವಿ, ಟೀಚರ್ ಬಂದಿಲ್ಲ ಏನಿಲ್ಲ. ಸುಳ್ಳಿ ಸುಳ್ಳಿ ಅಂದೀವಿ. ಅಳಕೋತ ಕುರಿ ಒಳಗ ಹೋದ್ಳು."

ಅಷ್ಟರಲ್ಲಿ ದಾದಿಯ ಮೊಮ್ಮಗ ಇನ್ನೊಂದು ಸುದ್ದಿ ಸೇರಿಸಿದ. ಕುರಿಗಳು ನಿನ್ನೆ ಬೆಳಿಗ್ಗೆಯೇ ದೌಲತಾಬಾದ್ ಕಡೆಗೆ ಹೊರಡಬೇಕಿತ್ತಂತೆ. ಅಲ್ಲಿ ಒಬ್ಬರು ತಮ್ಮ ಹೊಲದಲ್ಲಿ ಗೊಬ್ಬರಕ್ಕಾಗಿ ಕುರಿ ನಿಲ್ಲಿಸಲು ಹಬ್ಬದ ಹಿಂದಿನ ದಿನ ಹೇಳಿಕಳಿಸಿದ್ದರಂತೆ. ಟೀಚರ್ ಬಂದು ಉಂಡು ಹೋಗಲಿ, ಆಮೇಲೆ ಹೊರಡೋಣ ಎಂದು ಇವಳು ಹಟ ಹಿಡಿದಳಂತೆ. ಇಡೀ ಹಿಂಡು ಮೇಯಲು ಕಡ್ಡಿಯೂ ಇಲ್ಲದ ಹೊಲದಲ್ಲಿ ದಿನವಿಡೀ ನಿಂತಿತ್ತಂತೆ. ಇವತ್ತು ಬೆಳಗಾದ ಮೇಲೆ ಹೊರಟುಹೋದರಂತೆ, ಅವಳೂ ಅವರೊಂದಿಗೆ.

ನಾಚಿಕೆಯಾಯಿತು, ಸಿಟ್ಟೂ ಬಂತು. ಸಿಟ್ಟು ಯಾರ ಮೇಲೆ ತೆಗೆಯಲಿ? "ಅಕಿ ಸುಳ್ಳಿ ಅಲ್ಲ" ಎಂದೆ. ಬರ್ತೀನಿ ಎಂದವಳು ನಾನೇ ಎಂದು ಮಾತ್ರ ಹೇಳಲಿಲ್ಲ. "ಪುಸ್ತಕ ತೆಗೀರಿ" ಎಂದುಬಿಟ್ಟೆ. ಮಕ್ಕಳು ನನ್ನ ಮುಖ ನೋಡಿ, ಇವತ್ತು ಫೋನಿನಲ್ಲಿ ಯಾರೋ ಬೈದಿರಬೇಕೆಂದು ತಿಳಿದು ಸುಮ್ಮನೆ ಪುಸ್ತಕ ತೆಗೆದರು.

ಮೂರು ದಿನ ಅವಳ ಜಾಗ ಖಾಲಿ ಇತ್ತು. ಅಜ್ಜಿಯ ಮನೆಗೆ ಹೋದರೆ, "ಬರಂಗಿಲ್ಲ ಅಂತಾಳ್ರಿ ಕೂಸು. ಸಾಲಿ ಬ್ಯಾಡ, ಕುರಿ ಕಾಯ್ತೀನಿ ಅಂತಾಳ" ಎಂದಳು. ಅಜ್ಜಿಗೆ ನನ್ನ ಮೇಲೆ ಸಿಟ್ಟೇನೂ ಇರಲಿಲ್ಲ. ಚಹಾ ಕುಡಿಯಿರಿ ಎಂದಳು.

ಭಾನುವಾರ ಬೆಳಿಗ್ಗೆ ನಾನು ನಮ್ಮ ಮನೆಯವರನ್ನು ಎಬ್ಬಿಸಿದೆ. "ಊಟ ಬಲ್ಲವಗ ರೋಗ ಇಲ್ಲ, ಮಾತು ಬಲ್ಲವಗ ಜಗಳ ಇಲ್ಲ. ನಿನಗ ಎರಡೂ ಬರಲಿಲ್ಲ ನೋಡು" ಎಂದರು. ಬೇರೆ ದಿನವಾಗಿದ್ದರೆ ತಕ್ಕ ಉತ್ತರ ಕೊಡುತ್ತಿದ್ದೆ. ಅವತ್ತು ಸುಮ್ಮನೆ ಹಿಂದೆ ಕೂತೆ. ದೌಲತಾಬಾದ್ ದಾರಿಯಲ್ಲಿ ಕೇಳುತ್ತ ಕೇಳುತ್ತ ಹೋದೆವು. ಮೊದಲು ಹೇಳಿದ ಹೊಲದಲ್ಲಿ ಬೇರೆಯವರ ಕುರಿಗಳಿದ್ದವು. ಒಂದು ದಿನ ತಡವಾದ್ದಕ್ಕೆ ಆ ಹೊಲದವರು ಬೇರೆ ಹಟ್ಟಿಯನ್ನು ಕರೆಸಿಕೊಂಡಿದ್ದರು. ಅಲ್ಲಿಂದ ಮೂರು ಊರು ದಾಟಿ, ಕಲ್ಲು ತೆಗೆದು ಬಿಟ್ಟ ಒಂದು ಗಣಿಯ ಪಕ್ಕದ ಬರಡು ಹೊಲದಲ್ಲಿ ಅವಳ ಅಪ್ಪ ಸಿಕ್ಕ.

ನಾನು ಮಾತು ಶುರು ಮಾಡುವ ಮೊದಲೇ ಅವನು ಕಂಬಳಿ ಹಾಸಿದ. "ಎದಕ್ಕ ತ್ರಾಸ ತಗೊಂಡ್ರಿ ಟೀಚರ್? ದೊಡ್ಡೋರು, ನಿಮಗ ಸಾವಿರ ಕೆಲಸ ಇರ್ತಾವ. ಮಾತಿಗಿ ಅಂದಿರ್ತಾರ ಅಂತ ನಾ ಅಕಿಗಿ ಹೇಳೀನ್ರಿ. ಕೂಸು ಕೇಳಲಿಲ್ಲ."

"ಗೊತ್ತಿದ್ದೂ ದಿನಾ ಪೂರಾ ಕುರಿ ನಿಲ್ಲಿಸೀರಿ?"

ಅವನು ಮೀಸೆ ತಿರುವಿ ನಕ್ಕ. "ಅಕಿ ಭಾಳ ಭರವಸೆಲೆ ಹೇಳಿದ್ಳರಿ. ನನಗೂ ಬರ್ತೀರೇನೋ ಅನಸ್ತು."

ಬೈದಿದ್ದರೆ ಚೆನ್ನಾಗಿತ್ತು. ಅವನು ಬೈಯಲಿಲ್ಲ. ಅವನ ಹೆಂಡತಿ ಹಬ್ಬದ ಅಡಿಗೆ ಮುಗಿದುಹೋಯಿತೆಂದು ನೊಂದುಕೊಂಡು ಬಿಸಿ ಜೋಳದ ರೊಟ್ಟಿ, ಹಸಿಮೆಣಸಿನ ಚಟ್ನಿ, ಕುರಿ ಹಾಲಿನ ಗಟ್ಟಿ ಚಹಾ ಕೊಟ್ಟಳು. ಉಂಡೆ. ಅವತ್ತು ಎಣಿಸುವವರು ಯಾರೂ ಇರಲಿಲ್ಲ. ಹುಡುಗಿ ಮಾತ್ರ ದೂರದಲ್ಲಿ ಒಂದು ಮರಿಯನ್ನು ಬಗಲಲ್ಲಿ ಅವುಚಿಕೊಂಡು ನಮ್ಮ ಕಡೆ ಬೆನ್ನು ಮಾಡಿ ನಿಂತಿದ್ದಳು.

ನಾನೇ ಎದ್ದು ಹೋದೆ. "ತಪ್ಪಾತವ್ವ" ಎಂದೆ. "ನೋಡು, ತಡಾ ಆದ್ರೂ ಬಂದೀನಿ. ಉಂಡೀನಿ."

ಅವಳು ಮರಿಯ ಕಿವಿ ಸವರಿದಳು. "ಇಲ್ಲಿ ಯಾರೂ ನೋಡಂಗಿಲ್ರಿ" ಎಂದಳು.

"ನಾಳಿ ಸಾಲ್ಯಾಗ ನೀ ಎಲ್ಲಾರಿಗೂ ಹೇಳು, ಟೀಚರ್ ನಮ್ಮ ಹಟ್ಟಿಗಿ ಬಂದು ಉಂಡು ಹೋಗ್ಯಾರ ಅಂತ."

"ನಾ ಹೇಳಂಗಿಲ್ರಿ. ನಾ ಹೇಳಿದ್ರ ಮತ್ತ ಸುಳ್ಳಿ ಅಂತಾರ." ಈಗ ನನ್ನ ಕಡೆ ತಿರುಗಿದಳು. "ನೀವ ಹೇಳ್ರಿ. ಇವತ್ತು ಬಂದಿದ್ದು ಬ್ಯಾಡ. ಅವತ್ತು ಬರ್ತೀನಿ ಅಂದಿದ್ದು ಹೇಳ್ರಿ."

ಎಂಟು ಒಂಬತ್ತು ವರ್ಷದ ಹುಡುಗಿ. ನಾನು ರೊಟ್ಟಿ ಉಂಡು ಕೈತೊಳೆದುಕೊಂಡರೆ ಎಲ್ಲ ಸರಿಹೋಗುತ್ತದೆ ಎಂದು ಇಷ್ಟು ದೂರ ಬಂದಿದ್ದೆ. ಅವಳಿಗೆ ನನ್ನ ಊಟ ಬೇಕಾಗಿರಲಿಲ್ಲ. ನಾನು ಕಸಿದುಕೊಂಡ ಅವಳ ಮಾತು ಅವಳಿಗೆ ತಿರುಗಿ ಬೇಕಾಗಿತ್ತು. ನನಗೆ ಕಣ್ಣು ತುಂಬಿ ಬಂತು. "ಹೇಳ್ತೀನಿ" ಎಂದೆ. ಅವಳು ನಂಬಿದಂತೆ ಕಾಣಲಿಲ್ಲ. ನನ್ನ ಮಾತಿಗೆ ಅವಳ ಹತ್ತಿರ ಆಗ ಬೆಲೆ ಉಳಿದಿರಲಿಲ್ಲ, ಅದು ನ್ಯಾಯವೇ.

ಆದರೂ ಅಪ್ಪ ಹೇಳಿದ ಮೇಲೆ ನಮ್ಮ ಜೊತೆ ಬಂದಳು. ಸ್ಕೂಟಿಯ ಮೇಲೆ ನಮ್ಮಿಬ್ಬರ ನಡುವೆ ಕೂತಳು. ಸ್ಕೂಟಿಯ ಮೇಲೆ ಕೂರುವ ಆಸೆಯನ್ನು ತರಗತಿಯಲ್ಲಿ ಹೇಳಿಕೊಂಡಿದ್ದವಳು ಊರ ಬಾಗಿಲಲ್ಲಿ ಎದುರಾದಳು. ಅವಳ ಮುಖ ನೋಡಿ ಇವಳು ಮೊದಲ ಸಲ ಸ್ವಲ್ಪ ನೆಟ್ಟಗೆ ಕೂತಳು.

ಸೋಮವಾರ ಪ್ರಾರ್ಥನೆ ಮುಗಿಸಿ ತರಗತಿಗೆ ಹೋದೆ. ಹದಿನಾರು ಮಕ್ಕಳೂ ಇದ್ದರು. ಹಾಜರಿ ಪುಸ್ತಕ ತೆರೆಯಲಿಲ್ಲ. ಕುರ್ಚಿಯನ್ನು ಪಕ್ಕಕ್ಕೆ ಸರಿಸಿ, ಬೋರ್ಡಿನ ಮುಂದೆ ತಪ್ಪು ಮಾಡಿದವರು ನಿಲ್ಲುವ ಜಾಗದಲ್ಲಿ ಹೋಗಿ ನಿಂತೆ. ಇಪ್ಪತ್ತು ವರ್ಷದಲ್ಲಿ ಅಂಥ ಜಾಗದಲ್ಲಿ ಎಷ್ಟು ಮಕ್ಕಳನ್ನು ನಿಲ್ಲಿಸಿದ್ದೇನೋ, ತಪ್ಪು ಮಾಡಿ ಅಲ್ಲಿ ನಿಂತವರಿಗೆ ತರಗತಿ ಹೇಗೆ ಕಾಣುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಬೆಂಚುಗಳು ಬಹಳ ಹತ್ತಿರ ಕಾಣುತ್ತವೆ.

"ಎಳ್ಳಮಾಸಿಗಿ ಹಟ್ಟಿಗಿ ಬರ್ತೀನಿ ಅಂತ ನಾನ ಇಕಿಗಿ ಅಂದೀನಿ" ಎಂದೆ. "ಅಂದು ಹೋಗಲಿಲ್ಲ. ಇಕಿ ಹೇಳಿದ್ದು ಖರೇ. ಸುಳ್ಳು ಹೇಳಿದಾಕಿ ನಾನು."

ಮೊದಲ ಬೆಂಚಿನ ಜಾಣೆ ಮೆಲ್ಲಗೆ ಕೇಳಿದಳು, "ಯಾಕ ಹೋಗಲಿಲ್ರಿ ಟೀಚರ್?"

ಪುರಸತ್ತಾಗಲಿಲ್ಲ ಎಂಬ ಮಾತು ನಾಲಿಗೆಯ ತುದಿಗೆ ಬಂದೇ ಬಂತು. ನುಂಗಿದೆ. "ಹೊಟ್ಟಿ ತುಂಬಿತ್ತು. ಬ್ಯಾಸರ ಬಂತು. ಅಕಿ ಸಣ್ಣಾಕಿ, ಏನ ಅನಕೋತಾಳ ಬಿಡು ಅಂದಕೊಂಡೆ."

ಜಾಣೆ ತಾನೂ ಎದ್ದಳು. "ಟೀಚರ್, ನಾನೂ ಸುಳ್ಳಿ ಅಂದೀನ್ರಿ" ಎಂದು ಬಂದು ನನ್ನ ಪಕ್ಕ ನಿಂತಳು. ಅವಳ ಹಿಂದೆ ಇನ್ನೂ ಐದಾರು ಮಂದಿ ಬಂದರು. ದಾದಿಯ ಮೊಮ್ಮಗ ತಾನು ಅಂದಿದ್ದನೋ ಇಲ್ಲವೋ ನೆನಪಿಲ್ಲ ಎನ್ನುತ್ತಲೇ ಬಂದು ನಿಂತ.

ಎಲ್ಲರ ಕಣ್ಣು ಅವಳ ಮೇಲೆ. ಅವಳಿಗೆ ಯಾವ ಅವಸರವೂ ಇರಲಿಲ್ಲ. ಚೀಲದಿಂದ ಪುಸ್ತಕ ತೆಗೆದಳು. ಪೆನ್ಸಿಲ್ ತೆಗೆದು ಚೂಪು ಮಾಡಿದಳು. ಹೊಟ್ಟನ್ನು ಅಂಗೈಯಲ್ಲಿ ಕೂಡಿಸಿ ಕಿಟಕಿಯ ಹೊರಗೆ ಒಗೆದು ಬಂದಳು. ಬಂದು ಕೂತು, ಮಕ್ಕಳನ್ನು ನೋಡಿ "ನೀವು ಕೂಡ್ರಿ" ಎಂದಳು. ಅವರು ಓಡಿ ಕೂತರು. ನಾನೊಬ್ಬಳೇ ಉಳಿದೆ. ಬಾಗಿಲಲ್ಲಿ ಹೆಡ್‌ಮಾಸ್ತರರು ಹಾದುಹೋಗುವಾಗ ಒಳಗೆ ಇಣುಕಿ, ನನ್ನನ್ನು ನೋಡಿ, ಏನೂ ತಿಳಿಯದೆ ಮುಂದೆ ಹೋದರು.

"ಟೀಚರ್" ಎಂದಳು ಅವಳು ಕೊನೆಗೆ. "ಮುಂದಿನ ಎಳ್ಳಮಾಸಿಗಿ ಮೊದಲ ನಮ್ಮ ಹಟ್ಟಿಗಿ ಬರ್ತೀರಿ ಏನ್ರಿ?"

ಆತವ್ವ ಬರ್ತೀನಿ ಎನ್ನುವುದು ಎಷ್ಟು ಸುಲಭವಿತ್ತು! ಇಡೀ ತರಗತಿಗೆ ಖುಷಿಯಾಗುತ್ತಿತ್ತು, ನಾನೂ ಕೂರುತ್ತಿದ್ದೆ. ಆದರೆ ಆ ವರ್ಷ ವರ್ಗಾವಣೆಯ ಪಟ್ಟಿಯಲ್ಲಿ ನನ್ನ ಹೆಸರಿತ್ತು. ಧಾರೂರು ಕಡೆಗೆ ಹಾಕುತ್ತಾರೆ ಎಂಬ ಮಾತೂ ಇತ್ತು.

"ಗೊತ್ತಿಲ್ಲವ್ವ" ಎಂದೆ. "ಈ ಸಾಲ್ಯಾಗ ಇದ್ರ ಮೊದಲ ನಿಮ್ಮ ಹಟ್ಟಿಗೇ ಬರ್ತೀನಿ. ವರ್ಗ ಆಗಿ ಬ್ಯಾರೆ ಊರಿಗಿ ಹೋದ್ರ ಬರಾಕ ಆಗಲಿಕ್ಕಿಲ್ಲ."

ಅವಳು ನನ್ನನ್ನು ಒಂದು ಗಳಿಗೆ ನೋಡಿದಳು. ಆ ಖಾಲಿ ಚೀಟಿಯಲ್ಲಿ ಏನು ಬರೆಯಬೇಕಿತ್ತೆಂದು ಈಗ ನೆನಪಾದವಳ ಹಾಗೆ ತಲೆ ಆಡಿಸಿದಳು.

"ಆತು" ಎಂದಳು. "ಕೂಡ್ರಿ."